ಹೂಕೋಸಿನ ಮ್ಯಾಶ್ ಹದಕ್ಕೆ ಬರಬೇಕಾದರೆ: ಬೇಯಿಸುವ ಬಗೆ, ಅರೆಯುವ ಸಾಮಾನು, ಸೇರಿಸುವ ಪದಾರ್ಥ

ಆಲೂಗಡ್ಡೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಹೂಕೋಸಿನ ಮ್ಯಾಶ್ (ಬೇಯಿಸಿ ಮೆತ್ತಗೆ ಅರೆದದ್ದು) ಮಾಡಲು ಶುರು ಮಾಡಿದ್ದಾರೆ. ಕಾರಣ ಸರಿಯಾದದ್ದೇ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಷ್ಟೇ ಹೂಕೋಸಿನಲ್ಲಿ ಇರುವುದು 4ರಿಂದ 5 ಗ್ರಾಂ. ಶುಗರ್ ಇರುವವರಿಗೆ ಇದು ದೊಡ್ಡ ವ್ಯತ್ಯಾಸ.

ಆದರೆ ಒಮ್ಮೆ ಮಾಡಿದವರು ಮತ್ತೆ ಮಾಡುವುದು ಕಡಿಮೆ. ತಟ್ಟೆಗೆ ಹಾಕಿದ ಕೂಡಲೇ ಸುತ್ತಲೂ ನೀರು ಬಿಡುತ್ತದೆ. ಇಲ್ಲವೇ ಬಾಯಿಗೆ ರವೆ ರವೆ ಸಿಗುತ್ತದೆ. ಉಪ್ಪು, ಬೆಣ್ಣೆ, ಬೆಳ್ಳುಳ್ಳಿ ಎಲ್ಲ ಸರಿಯಾಗಿಯೇ ಇರುತ್ತದೆ, ಹದ ಮಾತ್ರ ಕೆಟ್ಟಿರುತ್ತದೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: ಯಾವ ಮಿಕ್ಸರ್ ಒಳ್ಳೆಯದು, ಹ್ಯಾಂಡ್ ಬ್ಲೆಂಡರ್ ತಗೊಳ್ಳಲಾ? ನನ್ನ ಪ್ರಕಾರ ಆ ಪ್ರಶ್ನೆ ಆಮೇಲೆ ಬರಬೇಕು. ಹೂಕೋಸನ್ನು ಹೇಗೆ ಬೇಯಿಸಿದಿರಿ, ಬೆಂದ ಮೇಲೆ ಅದರ ನೀರನ್ನು ಹೇಗೆ ತೆಗೆದಿರಿ ಅನ್ನುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಮೂರು ಜನ ಮೂರು ಥರ ತಿನ್ನುತ್ತಾರೆ. ಮಾವನವರಿಗೆ ಹಲ್ಲಿನ ಸೆಟ್ ಇದೆ, ಅವರಿಗೆ ಒಂದೂ ಗಂಟು ಸಿಗಬಾರದು. ಮಗಳು ಬೆಣ್ಣೆ ಹಾಕಿಕೊಂಡು ಚಮಚದಲ್ಲಿ ತಿನ್ನುತ್ತಾಳೆ. ಯಜಮಾನರಿಗೆ ಜೋಳದ ರೊಟ್ಟಿ ಜೊತೆ ಬೇಕು. ಹಾಗಾಗಿ ಯಾವ ಹದಕ್ಕೆ ಯಾವ ದಾರಿ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಆಲೂಗಡ್ಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಆಲೂಗಡ್ಡೆಯೊಳಗೆ ಪಿಷ್ಟ ತುಂಬಿದೆ. 60-70 ಡಿಗ್ರಿ ಬಿಸಿಗೆ ಆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಂದ ಆಲೂಗಡ್ಡೆ ತನ್ನ ನೀರನ್ನು ತಾನೇ ಹಿಡಿದುಕೊಂಡಿರುತ್ತದೆ. ಅದನ್ನು ಮಿಕ್ಸರಿಗೆ ಹಾಕಿ ತಿರುಗಿಸಿದರೆ ಪಿಷ್ಟ ಹೊರಗೆ ಬಂದು ಅಂಟಂಟಾಗುತ್ತದೆ. ಆಲೂಗಡ್ಡೆಯನ್ನು ಕೈಯಲ್ಲೇ ಮ್ಯಾಶ್ ಮಾಡಿ ಎಂದು ಹೇಳುವುದು ಇದಕ್ಕೇ.

ಹೂಕೋಸಿನಲ್ಲಿ ನೂರಕ್ಕೆ ಸುಮಾರು 92 ಭಾಗ ನೀರು. ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದರಲ್ಲಿ ನಾರಿನ ಪಾಲು ದೊಡ್ಡದು. ಆ ನಾರನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಬೇಯುವಾಗ ಪೆಕ್ಟಿನ್ ಕರಗಿ ಹೂ ಮೆತ್ತಗಾಗುತ್ತದೆ, ಒಳಗಿನ ನೀರು ಸಡಿಲವಾಗುತ್ತದೆ. ಅದನ್ನು ಹೀರಿಕೊಳ್ಳಲು ಪಿಷ್ಟ ಇಲ್ಲವಲ್ಲ, ಆ ನೀರು ತಟ್ಟೆಗೆ ಇಳಿಯುತ್ತದೆ.

ಇದರಿಂದ ಒಂದು ಅನುಕೂಲವೂ ಇದೆ. ಹೂಕೋಸನ್ನು ಮಿಕ್ಸರಿನಲ್ಲಿ ಎಷ್ಟು ತಿರುಗಿಸಿದರೂ ಅಂಟಾಗುವುದಿಲ್ಲ. ಜಾಸ್ತಿ ತಿರುಗಿಸಿದಷ್ಟೂ ನುಣ್ಣಗಾಗುತ್ತದೆ, ಅಷ್ಟೇ. ಆಲೂಗಡ್ಡೆಗೆ ಹೆದರಿದಂತೆ ಮಿಕ್ಸರಿಗೆ ಹೆದರಬೇಕಾಗಿಲ್ಲ.

ಕೊಳ್ಳುವಾಗಲೇ ನೋಡಬೇಕಾದ್ದು

ಹೂಕೋಸು ನಮ್ಮ ದೇಶಕ್ಕೆ 1822ರಲ್ಲಿ ಇಂಗ್ಲೆಂಡಿನಿಂದ ಬಂದ ಬೆಳೆ. ಈಗ ಎರಡು ಬಗೆಯವು ಸಿಗುತ್ತವೆ. ಸೆಖೆ ತಡೆಯುವ ಬೇಗನೆ ಬರುವ ತಳಿಗಳ ಹೂ ಸ್ವಲ್ಪ ಬಿಡಿಬಿಡಿ, ಬಣ್ಣ ಕೆನೆಯಂತೆ, ವಾಸನೆ ಜೋರು. ಚಳಿಗಾಲದಲ್ಲಿ ಬರುವ ಸ್ನೋಬಾಲ್ ಬಗೆಯದು ಬೆಳ್ಳಗೆ, ಒತ್ತೊತ್ತಾಗಿ, ಕೈಗೆ ಭಾರವಾಗಿ ಇರುತ್ತದೆ. ಮ್ಯಾಶ್‌ಗೆ ಎರಡನೆಯದೇ ಬೇಕು. ನಮ್ಮಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಹೂ ಸಿಗುತ್ತದೆ. ಗೋವಾಕ್ಕೆ ಹೋಗುವ ತರಕಾರಿ ಬಹಳಷ್ಟು ಬೆಳಗಾವಿಯಿಂದಲೇ ಹೋಗುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಮಾರ್ಕೆಟ್‌ಗೆ ಹೋದವರಿಗೆ ಆರಿಸಿಕೊಳ್ಳಲು ಬೇಕಾದಷ್ಟು ಇರುತ್ತದೆ.

ಹೂವಿನ ಮೇಲೆ ಸಣ್ಣ ಸಣ್ಣ ಕಾಳು ಎದ್ದು, ಬೆರಳಾಡಿಸಿದರೆ ಅಕ್ಕಿನುಚ್ಚಿನ ಹಾಗೆ ಒರಟಾಗಿದ್ದರೆ ಬಿಟ್ಟುಬಿಡಿ. ಅದು ಬಲಿತದ್ದು ಅಥವಾ ಸೆಖೆಗೆ ಸಿಕ್ಕಿದ್ದು. ಎಷ್ಟು ಅರೆದರೂ ನುಣುಪು ಬರುವುದಿಲ್ಲ. ಬಣ್ಣ ತುಸು ಹಳದಿ ಇದ್ದರೆ ಮಾತ್ರ ಚಿಂತೆ ಬೇಡ. ನಾನು ತರಕಾರಿ ತಗೊಳ್ಳುವ ಅಜ್ಜಿ ಹೇಳುವುದು ನಿಜ: "ಬಿಸಲ ಬಿದ್ದು ಹಳದಿ ಆಗೇದ್ರಿ ಅಕ್ಕಾರ, ಕೆಟ್ಟಿಲ್ಲ. ಒತ್ತಿ ನೋಡ್ರಿ, ಹೆಂಗ ಗಟ್ಟಿ ಅದ." ಎಲೆ ಮುಚ್ಚದೆ ಬಿಟ್ಟ ಹೂ ಬಿಸಿಲಿಗೆ ಹಳದಿಯಾಗುತ್ತದೆ. ಹದಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಮಳೆಗಾಲದ ಹೂಕೋಸಿನ ಬಗ್ಗೆ ಎರಡು ಮಾತು. ಬೆಳಗಾವಿಯ ಮಳೆ ಗೊತ್ತಲ್ಲ. ಹೂವಿನ ಸಂದಿಯಲ್ಲಿ ನೀರು ನಿಂತಿರುತ್ತದೆ, ಹುಳವೂ ಜಾಸ್ತಿ. ಅರಿಶಿನ, ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸುವುದು ಬೇಕೇ ಬೇಕು. ಆದರೆ ನೆನೆಸಿದ ಮೇಲೆ ಹೂವನ್ನು ತಲೆಕೆಳಗಾಗಿ ಬಟ್ಟೆಯ ಮೇಲೆ ಹರಡಿ, ನೀರು ಬಸಿಯಲು ಬಿಡಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದರೆ ಮುಂದೆ ಬೇಯಿಸುವಾಗ ಎರಡು ಪಟ್ಟು ಕಷ್ಟ.

ದಂಟು ಬಿಸಾಡಬೇಡಿ. ಮೇಲಿನ ಸಿಪ್ಪೆ ಹೆರೆದು, ಹೂವಿಗಿಂತ ಸಣ್ಣಗೆ ಹೆಚ್ಚಿ ಹಾಕಿದರೆ ಹೂವಿನ ಜೊತೆಗೇ ಬೇಯುತ್ತದೆ. ಸಿಪ್ಪೆ ತೆಗೆಯದೆ ಹಾಕಿದರೆ ಮಾತ್ರ ಎಳೆ ಎಳೆ ನಾರು ಬಾಯಿಗೆ ಬರುತ್ತದೆ.

ಬೇಯಿಸುವುದು: ಕುದಿಸುವುದೋ, ಹಬೆಯೋ, ಕುಕ್ಕರೋ?

ಎಲ್ಲರಿಗೂ ಗೊತ್ತಿರುವುದು ನೀರಿನಲ್ಲಿ ಕುದಿಸುವುದು. ಸುಲಭ, ಒಂದೇ ಸಮ ಬೇಯುತ್ತದೆ, ಉಪ್ಪು ಒಳಗೆ ಹಿಡಿಯುತ್ತದೆ, ವಾಸನೆಯೂ ಸ್ವಲ್ಪ ನೀರಿಗೆ ಹೋಗುತ್ತದೆ. ಹೂ ಮಾತ್ರ ನೀರು ಕುಡಿದು ಕೂರುತ್ತದೆ. ನಡುವಿನ ಸಂದಿಗಳಲ್ಲಿ ನಿಂತ ನೀರು ಜರಡಿಯಲ್ಲಿ ಬಸಿದರೂ ಪೂರ್ತಿ ಹೋಗುವುದಿಲ್ಲ. ಕುದಿಸುವವರು ಮುಂದೆ ಒಣಗಿಸುವ ಕೆಲಸವನ್ನು ಬಿಡುವಂತೆಯೇ ಇಲ್ಲ.

ಕುದಿಸುವ ನೀರು ಎಂಥದ್ದು ಅನ್ನುವುದೂ ಮುಖ್ಯ. ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರು ಗಡುಸು ಇರುವ ಮನೆಗಳಲ್ಲಿ ಹೂಕೋಸು ಬೇಗ ಮೆತ್ತಗಾಗುವುದಿಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಪೆಕ್ಟಿನ್ ಅನ್ನು ಬಿಗಿ ಮಾಡುತ್ತದೆ. ಇಂಥ ನೀರಿನಲ್ಲಿ ಬೆಂದ ಹೂ ಹಳದಿಗೆ ತಿರುಗುವುದೂ ಉಂಟು. ಅಂಥ ಕಡೆ ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ, ಇಲ್ಲವೇ ಹಬೆಗೆ ಹೋಗಿ. ಬೇಗ ಬೇಯಲಿ ಎಂದು ಸೋಡಾ ಹಾಕುವವರಿದ್ದಾರೆ. ಹೂ ಮೆತ್ತಗಾಗುತ್ತದೆ ನಿಜ, ಆದರೆ ಲೋಳೆಲೋಳೆ ಆಗುತ್ತದೆ, ಸಾಬೂನಿನ ರುಚಿ ಬರುತ್ತದೆ. ದಯವಿಟ್ಟು ಬೇಡ. ಟೊಮೆಟೊ, ಹುಣಸೆ, ನಿಂಬೆರಸ, ಮೊಸರು ಇವುಗಳಲ್ಲಿ ಯಾವುದನ್ನೂ ಬೇಯುವ ಮುಂಚೆ ಹಾಕಬೇಡಿ. ಹುಳಿ ಇದ್ದರೆ ತರಕಾರಿ ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಏನಿದ್ದರೂ ಕೊನೆಗೆ.

ಹಬೆ ನನ್ನ ಆಯ್ಕೆ. ಎಲ್ಲರ ಮನೆಯಲ್ಲೂ ಇಡ್ಲಿ ಪಾತ್ರೆ ಇದೆ. ತಟ್ಟೆ ತೆಗೆದು, ಒಳಗೆ ತೂತಿನ ಬುಟ್ಟಿ ಅಥವಾ ಜರಡಿ ಇಟ್ಟರೆ ಸಾಕು. ಎರಡು ಬೆರಳು ಅಗಲದ ತುಂಡುಗಳು 12-15 ನಿಮಿಷಕ್ಕೆ ಬೇಯುತ್ತವೆ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಜನ ಗಮನಿಸುವುದಿಲ್ಲ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ, ಹನಿ ಹನಿ ಹೂವಿನ ಮೇಲೆಯೇ ಬೀಳುತ್ತದೆ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿ, ಅದರ ತುದಿಗಳನ್ನು ಬೆಂಕಿಗೆ ತಾಗದಂತೆ ಮೇಲಕ್ಕೆ ಗಂಟು ಹಾಕಿ. ಮೋದಕ, ಢೋಕಳಾ ಮಾಡುವಾಗ ನಮ್ಮಲ್ಲಿ ಮಾಡುವುದು ಇದನ್ನೇ ಅಲ್ವಾ? ಬಟ್ಟೆ ಕಟ್ಟಿದ್ದಕ್ಕೂ ಕಟ್ಟದ್ದಕ್ಕೂ ಹದದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುತ್ತದೆ.

ಎಷ್ಟು ಬೇಯಬೇಕು? ಪಲ್ಯಕ್ಕೆ ಬೇಯಿಸುವುದಕ್ಕಿಂತ ಜಾಸ್ತಿ. ಪಲ್ಯಕ್ಕೆ ತುಸು ಗಟ್ಟಿ ಇದ್ದರೆ ಚೆಂದ, ಮ್ಯಾಶ್‌ಗೆ ಅದು ನಡೆಯುವುದಿಲ್ಲ. ದಂಟಿನ ತುಂಡನ್ನು ಚಮಚದ ಹಿಂಬದಿಯಿಂದ ಒತ್ತಿದರೆ ಜಜ್ಜಿ ಹೋಗಬೇಕು. ಹೂವಿನ ತುದಿ ನೋಡಿ ತೀರ್ಮಾನ ಮಾಡಬೇಡಿ, ತುದಿ ಯಾವಾಗಲೂ ಮೊದಲೇ ಬೆಂದಿರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗಿಂತ ಎರಡು-ಎರಡೂವರೆ ಡಿಗ್ರಿ ಮೊದಲೇ ಕುದಿಯುತ್ತದೆ. ಅದಕ್ಕೆ ಬೇರೆ ಊರಿನವರು ಬರೆದ ನಿಮಿಷದ ಲೆಕ್ಕಕ್ಕೆ ಒಂದೆರಡು ನಿಮಿಷ ಸೇರಿಸಿಕೊಳ್ಳಿ. ಹಾಗೆಂದು ಅರ್ಧ ಗಂಟೆ ಬಿಟ್ಟರೂ ಕಷ್ಟ. ಹೂಕೋಸಿನಲ್ಲಿ ಗಂಧಕದ ಅಂಶ ಇದೆ, ಹೆಚ್ಚು ಹೊತ್ತು ಬೆಂದಷ್ಟೂ ಕೆಟ್ಟ ವಾಸನೆ ಜೋರಾಗುತ್ತದೆ.

ಕುಕ್ಕರ್ ಅವಸರದವರಿಗೆ. ತಳದಲ್ಲಿ ಒಂದು ಲೋಟ ನೀರು, ಮೇಲೆ ಡಬ್ಬಿಯಲ್ಲಿ ಹೂಕೋಸು. ಡಬ್ಬಿಯೊಳಗೆ ಒಂದು ಹನಿ ನೀರೂ ಬೇಡ, ಮೇಲೆ ತಟ್ಟೆ ಮುಚ್ಚಿ. ಒಂದು ಸೀಟಿ ಬಂದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಪ್ರೆಷರ್ ತೆಗೆದುಬಿಡಿ. ತಾನೇ ಇಳಿಯಲಿ ಎಂದು ಬಿಟ್ಟರೆ ಒಳಗೆ ಬೇಯುತ್ತಲೇ ಇರುತ್ತದೆ. ಡಬ್ಬಿಯ ತಳದಲ್ಲಿ ಸೇರಿದ ನೀರನ್ನು ಸಾರಿಗೋ ಬ್ಯಾಳಿಗೋ ಹಾಕಿ. ಹೂಕೋಸನ್ನು ನೇರವಾಗಿ ಕುಕ್ಕರಿನ ನೀರಿಗೆ ಹಾಕುವುದಾದರೆ ಸುಮ್ನೆ ಕುದಿಸುವುದೇ ವಾಸಿ.

ಮೈಕ್ರೋವೇವ್ ಇದ್ದರೆ ಅದು ಹಬೆಗಿಂತ ಕಡಿಮೆಯೇನಲ್ಲ. ಅರ್ಧ ಕೇಜಿ ಹೂವಿಗೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ 8-10 ನಿಮಿಷ. ನಡುವೆ ಒಮ್ಮೆ ಕೈಯಾಡಿಸಿ. ಮುಗಿದ ಮೇಲೆ ಮುಚ್ಚಳ ತೆಗೆದು ಹಬೆ ಹೋಗಲು ಬಿಡಿ.

ಒಲೆಯಲ್ಲಿ ಅಥವಾ ಓವನ್‌ನಲ್ಲಿ ಸುಡುವುದು ಬೇರೆಯದೇ ದಾರಿ. ನೀರು ಅಲ್ಲೇ ಆರುತ್ತದೆ, ಅಂಚು ಕೆಂಪಾಗಿ ಸಿಹಿ ರುಚಿ ಬರುತ್ತದೆ. ಓವನ್‌ನಲ್ಲಿ 200 ಡಿಗ್ರಿಗೆ 25-30 ನಿಮಿಷ ಬೇಕು. ಹದ ಮಾತ್ರ ನುಣ್ಣಗಾಗುವುದಿಲ್ಲ, ಕೆಂಪಾದ ಅಂಚು ಗಟ್ಟಿಯಾಗಿ ಉಳಿಯುತ್ತದೆ. ಬದನೆಕಾಯಿ ಭರ್ತದ ಅಭಿರುಚಿ ಇರುವವರಿಗೆ ಇದು ಬಹಳ ಹಿಡಿಸುತ್ತದೆ. ರೊಟ್ಟಿಗೆ ಚೆನ್ನ. ಹಲ್ಲಿಲ್ಲದವರಿಗೆ ಬೇಡ.

ಫ್ರೋಜನ್ ಪ್ಯಾಕೆಟ್ ಬಗ್ಗೆಯೂ ಕೇಳುತ್ತಾರೆ. ಐಸ್ ಆಗುವಾಗ ಹೂವಿನ ಒಳಗೋಡೆಗಳು ಮೊದಲೇ ಒಡೆದಿರುತ್ತವೆ. ಬೇಗ ಬೇಯುತ್ತದೆ, ಆದರೆ ತಾಜಾ ಹೂವಿಗಿಂತ ನೀರು ಜಾಸ್ತಿ ಬಿಡುತ್ತದೆ. ಬೇಯಿಸಿದ ಮೇಲೆ ಬಟ್ಟೆಯಲ್ಲಿ ಹಿಂಡದೆ ಗತಿ ಇಲ್ಲ. ಚಳಿಗಾಲದಲ್ಲಿ ಅದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ನೀರು ಆರಿಸುವುದು

ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಬೆಂದ ಹೂವನ್ನು ದಪ್ಪ ತಳದ ಕಡಾಯಿಗೆ ಹಾಕಿ. ನೀರೂ ಬೇಡ, ಎಣ್ಣೆಯೂ ಬೇಡ, ಮುಚ್ಚಳವಂತೂ ಬೇಡವೇ ಬೇಡ. ಉರಿ ಮಧ್ಯಮವಾಗಿರಲಿ. ಮೊದಲು ತಳದಲ್ಲಿ ಚುರ್ ಚುರ್ ಸದ್ದು ಬರುತ್ತದೆ. ಅದು ಹೂವಿನಿಂದ ಇಳಿದ ನೀರು. ಮರದ ಸವಟಿನಿಂದ ಹೂವನ್ನು ಒತ್ತಿ ಒಡೆಯುತ್ತಾ ಹೋಗಿ. ಒಡೆದಂತೆಲ್ಲ ಹಬೆ ಜೋರಾಗುತ್ತದೆ, ಕಡಾಯಿಯ ಮೇಲೆ ಮುಖ ಇಟ್ಟರೆ ಕನ್ನಡಕ ಮಸುಕಾಗುವಷ್ಟು. ಮೂರು ನಾಲ್ಕು ನಿಮಿಷಕ್ಕೆ ಸದ್ದು ಕಡಿಮೆಯಾಗುತ್ತದೆ. ಹೂ ಕಡಾಯಿಯ ತಳಕ್ಕೆ ತೆಳ್ಳಗೆ ಬಿಳಿ ಪದರದಂತೆ ಹತ್ತಲು ಶುರುವಾಗುತ್ತದೆ. ಆಗ ಸವಟಿನಿಂದ ನಡುವೆ ಒಂದು ಗೆರೆ ಎಳೆದು ನೋಡಿ. ಗೆರೆಗೆ ನೀರು ಬಂದು ತುಂಬಿದರೆ ಇನ್ನೂ ಆಗಿಲ್ಲ. ಗೆರೆ ಹಾಗೇ ನಿಂತು, ತಳ ಒಣಗಿ ಕಂಡರೆ ಒಲೆ ಆರಿಸಿ. ಕೆಂಪಾಗುವವರೆಗೆ ಬಿಡಬೇಡಿ, ಮ್ಯಾಶ್‌ನಲ್ಲಿ ಕಂದು ಚೂರು ಸೇರುತ್ತದೆ.

ಇನ್ನೊಂದು ದಾರಿ ಬಟ್ಟೆಯಲ್ಲಿ ಹಿಂಡುವುದು. ಕುದಿಸಿದ ಹೂವಿಗೆ, ಫ್ರೋಜನ್ ಹೂವಿಗೆ ಇದು ಬೇಗ ಆಗುತ್ತದೆ. ಪನೀರ್ ಕಟ್ಟುವ ಬಟ್ಟೆ ಸಾಕು. ಹತ್ತು ನಿಮಿಷ ಆರಲು ಬಿಟ್ಟು ಹಿಂಡಿ, ಬಿಸಿ ಇದ್ದಾಗ ಕೈ ಸುಡುತ್ತದೆ. ಅರ್ಧ ಕೇಜಿ ಹೂವಿನಿಂದ ಹೊರಬರುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ. ಆದರೆ ಹಿಂಡುವಾಗ ನೀರಿನ ಜೊತೆ ರುಚಿಯೂ ಹೋಗುತ್ತದೆ, ಜೋರಾಗಿ ಹಿಂಡಿದರೆ ಮ್ಯಾಶ್ ಒಣಒಣ ಅನಿಸುತ್ತದೆ. ಕಡಾಯಿಯಲ್ಲಿ ಆರಿಸಿದರೆ ನೀರಷ್ಟೇ ಹೋಗುತ್ತದೆ, ರುಚಿ ಉಳಿಯುತ್ತದೆ. ಐದು ನಿಮಿಷ ಒಲೆ ಮುಂದೆ ನಿಲ್ಲಲು ಆಗುವವರು ಕಡಾಯಿಯನ್ನೇ ಆರಿಸಿಕೊಳ್ಳಿ.

ಅರೆಯುವ ಸಾಮಾನು

ನುಣ್ಣಗೆ, ಕೆನೆಯ ಹಾಗೆ ಬೇಕಾದರೆ ಮಿಕ್ಸರೇ. ಹೂ ಮುಟ್ಟಲು ಆಗುವಷ್ಟು ಬೆಚ್ಚಗಿರುವಾಗ ಅರೆಯಿರಿ. ತಣ್ಣಗಾದ ಮೇಲೆ ಅರೆದರೆ ಬೆಣ್ಣೆ ಸರಿಯಾಗಿ ಬೆರೆಯುವುದಿಲ್ಲ. ಕುದಿ ಬಿಸಿಯದ್ದನ್ನು ಮಿಕ್ಸರಿಗೆ ಹಾಕಿ ಮುಚ್ಚಳ ಬಿಗಿ ಮಾಡಿದರೆ ಹಬೆ ಮುಚ್ಚಳವನ್ನು ಎತ್ತಿ ಮೈಮೇಲೆ ಚಿಮ್ಮಬಹುದು, ಹುಷಾರು. ಎರಡು ಮೂರು ಜನರಿಗೆ ಮಾಡುವಾಗ ದೊಡ್ಡ ಜಾರ್ ಬೇಡ. ಹೂ ಗೋಡೆಗೆ ಹತ್ತಿಕೊಂಡು ಬ್ಲೇಡು ಬರೀ ಗಾಳಿಯಲ್ಲಿ ತಿರುಗುತ್ತದೆ. ಚಟ್ನಿ ಜಾರಿನಲ್ಲಿ ಎರಡು ಸಲ ಮಾಡಿಕೊಳ್ಳಿ. ತಿರುಗದಿದ್ದರೆ ನೀರು ಹಾಕಬೇಡಿ, ಒಂದು ಚಮಚ ಬೆಣ್ಣೆ ಅಥವಾ ಬಿಸಿ ಹಾಲು ಹಾಕಿ. ಇಷ್ಟು ಕಷ್ಟಪಟ್ಟು ತೆಗೆದ ನೀರನ್ನು ಮತ್ತೆ ಒಳಗೆ ಯಾಕೆ ಸೇರಿಸಬೇಕು?

ಹ್ಯಾಂಡ್ ಬ್ಲೆಂಡರ್ ಮಿಕ್ಸರಿಗೆ ಹತ್ತಿರ ಬರುತ್ತದೆ, ಅಷ್ಟು ನುಣ್ಣಗಾಗುವುದಿಲ್ಲ. ಬೇಯಿಸಿದ ಪಾತ್ರೆಯಲ್ಲೇ ಕೆಲಸ ಮುಗಿಯುವುದು, ತೊಳೆಯುವ ಸಾಮಾನು ಕಡಿಮೆ ಅನ್ನುವುದು ಅದರ ಲಾಭ. ಈಗಾಗಲೇ ಮನೆಯಲ್ಲಿದ್ದರೆ ಬಳಸಿ. ಇದಕ್ಕೆಂದೇ ಹೊಸದು ಕೊಳ್ಳಬೇಕಾಗಿಲ್ಲ.

ಪಾವ್‌ಭಾಜಿ ಮ್ಯಾಶರ್ ನಮ್ಮ ಕಡೆ ಬಹಳ ಮನೆಗಳಲ್ಲಿ ಇದೆ. ನೀರು ಆರಿಸುವ ಕಡಾಯಿಯಲ್ಲೇ ಇದರಿಂದ ಒತ್ತುತ್ತಾ ಹೋದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಹದ ಒರಟಾಗಿ, ಅಲ್ಲಲ್ಲಿ ಸಣ್ಣ ಚೂರು ಇರುತ್ತದೆ. ರೊಟ್ಟಿ ಜೊತೆ ತಿನ್ನುವವರಿಗೆ ಬೇಕಾದದ್ದೇ ಇದು. ನುಣ್ಣಗೆ ಅರೆದದ್ದು ರೊಟ್ಟಿ ತುಂಡಿನಿಂದ ಜಾರುತ್ತದೆ. ಒರಟಾಗಿದ್ದರೆ ತುತ್ತಿನಲ್ಲಿ ನಿಲ್ಲುತ್ತದೆ, ಅಗಿಯಲು ಏನೋ ಸಿಕ್ಕಿತು ಅನಿಸುತ್ತದೆ.

ಕಡಗೋಲಿನಿಂದ ಬ್ಯಾಳಿ ಕಡೆದ ಹಾಗೆ ಇದನ್ನೂ ಕಡೆಯಬಹುದೇ ಎಂದು ಹಿರಿಯರು ಕೇಳುತ್ತಾರೆ. ಗಟ್ಟಿ ಹದಕ್ಕೆ ಆಗುವುದಿಲ್ಲ, ಕಡಗೋಲು ಹೂವನ್ನು ಬದಿಗೆ ತಳ್ಳಿ ತಾನು ಮಾತ್ರ ತಿರುಗುತ್ತದೆ. ಹಾಲು ಸೇರಿಸಿ ಸೂಪಿನಂತೆ ಮಾಡುವುದಾದರೆ ಸರಿ.

ಚಕ್ಕಲಿ ಒರಳಿಗೆ ಸೇವಿನ ಸಣ್ಣ ತೂತಿನ ಬಿಲ್ಲೆ ಹಾಕಿ ಒತ್ತುವುದು ಕೆಲವರಿಗೆ ಹೊಸದಾಗಿ ಕಾಣಬಹುದು. ಮಿಕ್ಸರ್ ಇಲ್ಲದವರಿಗೆ, ಕರೆಂಟ್ ಹೋದಾಗ, ಒಳ್ಳೆಯ ಉಪಾಯ. ಚೆನ್ನಾಗಿ ಬೆಂದಿರಬೇಕು ಅಷ್ಟೇ. ಮೊದಲು ತೂತಿನಿಂದ ನೀರು ತೊಟ್ಟಿಕ್ಕುತ್ತದೆ, ಅದನ್ನು ಬೇರೆ ಬಟ್ಟಲಿಗೆ ಬಿಟ್ಟು, ಆಮೇಲೆ ಬರುವುದನ್ನು ತಗೊಳ್ಳಿ.

ಮಾವನವರಿಗೆ ಮಾಡುವಾಗ ಮಿಕ್ಸರಿನಲ್ಲಿ ಅರೆದದ್ದನ್ನು ಒಮ್ಮೆ ಸಣ್ಣ ಕಣ್ಣಿನ ಜರಡಿಯಲ್ಲಿ ಸವಟಿನಿಂದ ಒತ್ತಿ ಇಳಿಸುತ್ತೇನೆ. ಹತ್ತು ನಿಮಿಷದ ಕೆಲಸ ಹೆಚ್ಚು. ಆದರೆ ಜರಡಿಯ ಮೇಲೆ ಉಳಿಯುವ ನಾರು ನೋಡಿದಾಗ ಆ ಹತ್ತು ನಿಮಿಷ ವ್ಯರ್ಥ ಅನಿಸುವುದಿಲ್ಲ. ನುಂಗಲು ಕಷ್ಟ ಇರುವವರಿಗೆ ಮಾಡುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಮ್ಯಾಶ್ ಒಂದು ಕಡೆ, ನೀರು ಒಂದು ಕಡೆ ಆಗಿರುವ ಊಟ ಅವರಿಗೆ ಅಪಾಯ. ತೆಳ್ಳಗಿನ ನೀರು ಗಂಟಲಿಗೆ ಬೇಗ ಇಳಿದು ಕೆಮ್ಮು ಬರಿಸುತ್ತದೆ. ಎಷ್ಟು ಗಟ್ಟಿ ಇರಬೇಕು ಎಂದು ಡಾಕ್ಟರನ್ನು ಕೇಳಿಯೇ ಕೊಡಿ.

ಏನು ಸೇರಿಸಬೇಕು

ಬೆಣ್ಣೆ ಎಲ್ಲಕ್ಕೂ ಹೊಂದುತ್ತದೆ. ಅರ್ಧ ಕೇಜಿ ಹೂವಿಗೆ ಎರಡು ಚಮಚ. ತುಪ್ಪ ಹಾಕಿದರೆ ಪರಿಮಳ ಚೆನ್ನ, ಆದರೆ ಬೆಣ್ಣೆಯ ಹಾಗೆ ಬೆರೆತು ನೊರೆಯಾಗಿ ಬರುವುದಿಲ್ಲ, ತಣ್ಣಗಾದಾಗ ಮೇಲೆ ಗಟ್ಟಿ ಕಟ್ಟುತ್ತದೆ. ಕ್ರೀಮ್ ಹಾಕಿದರೆ ಮೆತ್ತಗಾಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ. ನೀರು ಚೆನ್ನಾಗಿ ಆರಿಸಿದವರಿಗೆ ಮಾತ್ರ ಕ್ರೀಮ್.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಚಕ್ಕಾ, ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು. ಶ್ರೀಖಂಡ ಮಾಡುವ ಊರು ನಮ್ಮದು, ಮೊಸರು ಕಟ್ಟಿಡುವುದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಟ್ಟಿ ಚಕ್ಕಾ ಎರಡು ಚಮಚ ಸೇರಿಸಿದರೆ ಮ್ಯಾಶ್ ಗಟ್ಟಿಯಾಗಿ ನಿಲ್ಲುತ್ತದೆ, ಸಣ್ಣ ಹುಳಿ ಬಂದು ಹೂಕೋಸಿನ ವಾಸನೆಯನ್ನೂ ತಗ್ಗಿಸುತ್ತದೆ. ಒಲೆಯಿಂದ ಇಳಿಸಿ, ಬಿಸಿ ತುಸು ಕಡಿಮೆಯಾದ ಮೇಲೆ ಹಾಕಿ. ಕುದಿಯುವುದಕ್ಕೆ ಹಾಕಿದರೆ ಒಡೆದು ಮತ್ತೆ ನೀರು. ಸುಮ್ನೆ ಮೊಸರು ಹಾಕುವುದಾದರೆ ಹಾಕದಿರುವುದೇ ಮೇಲು.

ಇನ್ನೂ ಗಟ್ಟಿ ಬೇಕಾದರೆ ಪುಠಾಣಿ (ಹುರಿಗಡಲೆ) ಹಿಟ್ಟು ಒಂದು ಚಮಚ. ಪುಠಾಣಿ ಮೊದಲೇ ಹುರಿದದ್ದು, ಹಸಿ ವಾಸನೆ ಇರುವುದಿಲ್ಲ, ಕಡಲೆ ಹಿಟ್ಟಿನ ಹಾಗೆ ಬೇಯಿಸುವ ಅಗತ್ಯವೂ ಇಲ್ಲ. ಒಂದು ಚಮಚಕ್ಕಿಂತ ಜಾಸ್ತಿ ಹಾಕಿದರೆ ಝುಣಕದ ರುಚಿ ಬರಲು ಶುರುವಾಗುತ್ತದೆ. ಗೋಡಂಬಿ ನೆನೆಸಿ ಅರೆದು ಹಾಕಿದರೆ ಹದ ರೇಷ್ಮೆಯಂತಾಗುತ್ತದೆ. ಖರ್ಚು ಜಾಸ್ತಿ, ನೆಂಟರು ಬಂದಾಗ ಸರಿ. ಮೈದಾ, ಕಾರ್ನ್‌ಫ್ಲೋರ್ ಹಾಕಿದರೆ ಆಲೂಗಡ್ಡೆ ಬಿಟ್ಟದ್ದಕ್ಕೆ ಅರ್ಥ ಉಳಿಯುವುದಿಲ್ಲ.

ಶುಗರ್ ಇಲ್ಲದ ಮನೆಯಲ್ಲಿ, ಮಕ್ಕಳಿಗೆ ಹೂಕೋಸು ಅಭ್ಯಾಸ ಮಾಡಿಸಲು ಮಾಡುವುದಾದರೆ ಮೂರು ಪಾಲು ಹೂಕೋಸಿಗೆ ಒಂದು ಪಾಲು ಆಲೂಗಡ್ಡೆ ಒಳ್ಳೆಯ ಹೊಂದಾಣಿಕೆ. ಆ ಒಂದು ಪಾಲೇ ಉಳಿದ ನೀರನ್ನು ಹಿಡಿದುಕೊಳ್ಳುತ್ತದೆ. ಆಲೂಗಡ್ಡೆಯನ್ನು ಮಾತ್ರ ಬೇರೆಯಾಗಿ ಕೈಯಲ್ಲೇ ಮ್ಯಾಶ್ ಮಾಡಿ, ಅರೆದ ಹೂಕೋಸಿಗೆ ಚಮಚದಿಂದ ಬೆರೆಸಿ. ಎರಡನ್ನೂ ಒಟ್ಟಿಗೆ ಮಿಕ್ಸರಿಗೆ ಹಾಕಿದರೆ ಅಂಟು ಗ್ಯಾರಂಟಿ.

ರೊಟ್ಟಿಗೆ ಮಾಡುವವರು ಬೆಣ್ಣೆ ಬಿಟ್ಟು ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಖಾರದ ಒಗ್ಗರಣೆ ಕೊಡಿ. ಕೊನೆಗೆ ಕೊತ್ತಂಬರಿ, ನಾಲ್ಕು ಹನಿ ನಿಂಬೆರಸ. ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದರೆ ಅದು ಉಳಿದ ತೇವವನ್ನು ಹೀರುತ್ತದೆ. ಬಿಸಿ ಮೆತ್ತನೆ ರೊಟ್ಟಿಗೆ ಇದು ಬಹಳ ಹೊಂದುತ್ತದೆ. ಕಟಕ ರೊಟ್ಟಿ ಜೊತೆ ತಿನ್ನುವುದಾದರೆ ಇನ್ನೂ ಎರಡು ನಿಮಿಷ ಜಾಸ್ತಿ ಆರಿಸಿ.

ಕೆಟ್ಟ ಹದವನ್ನು ಸರಿ ಮಾಡುವುದು

ನನ್ನ ನಾದಿನಿ ಫೋನ್ ಮಾಡಿ ಕೇಳಿದಳು: "ವೈನಿ, ಮಿಕ್ಸರ್‌ನ್ಯಾಗ ಎಷ್ಟ್ ತಿರುವಿದ್ರೂ ರವಾ ರವಾನ ಉಳದದ ನೋಡ್ರಿ." ನಾನು ಹೇಳಿದ್ದು ಇಷ್ಟೇ: "ಮಿಕ್ಸರ್ ಬಂದ್ ಮಾಡವ್ವ, ಅದು ಬೆಂದಿಲ್ಲ. ಮತ್ತ ಒಲಿ ಮ್ಯಾಲ ಇಡು." ರವೆ ಹದಕ್ಕೆ ಬಹುಪಾಲು ಕಾರಣ ಇದೊಂದೇ. ಎರಡು ಚಮಚ ಹಾಲು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೇಯಿಸಿ. ಆಮೇಲೆ ಮುಚ್ಚಳ ತೆಗೆದು ಆರಿಸಿ, ಮತ್ತೆ ಅರೆಯಿರಿ. ಆಗಲೂ ಹೋಗದಿದ್ದರೆ ಹೂವೇ ಬಲಿತದ್ದು. ಅದನ್ನು ಒಗ್ಗರಣೆ ಹಾಕಿ ರೊಟ್ಟಿಗೆ ಬಳಸಿಬಿಡಿ.

ತೆಳ್ಳಗಾದರೆ ಹಿಟ್ಟಿಗೆ ಕೈ ಹಾಕುವ ಮುಂಚೆ ಮತ್ತೆ ಕಡಾಯಿಗೆ ಹಾಕಿ ಆರಿಸಿ. ಅರೆದದ್ದು ಒಲೆಯ ಮೇಲೆ ಪುಟಪುಟ ಸಿಡಿಯುತ್ತದೆ, ಅಗಲ ಕಡಾಯಿ ತಗೊಂಡು ಉದ್ದ ಹಿಡಿಯ ಸವಟಿನಿಂದ ಕೈಯಾಡಿಸುತ್ತಿರಿ. ಚಕ್ಕಾ ಮೊದಲೇ ಹಾಕಿಬಿಟ್ಟಿದ್ದರೆ ಒಲೆಗೆ ಇಡಬೇಡಿ, ಪುಠಾಣಿ ಹಿಟ್ಟು ಸೇರಿಸಿ ಹತ್ತು ನಿಮಿಷ ಬಿಡಿ.

ಒಣಒಣ ಆಗಿದ್ದರೆ ಬಿಸಿ ಹಾಲು ಚಮಚ ಚಮಚವಾಗಿ ಹಾಕಿ. ಇದೊಂದೇ ಸುಲಭವಾಗಿ ಸರಿ ಹೋಗುವ ತೊಂದರೆ.

ಎತ್ತಿಡುವುದು

ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಬೆಳಿಗ್ಗೆ ತೆಗೆದಾಗ ಡಬ್ಬಿಯ ಅಂಚಿನಲ್ಲಿ ಸ್ವಲ್ಪ ನೀರು ಬಿಟ್ಟಿರುತ್ತದೆ, ಗಾಬರಿ ಬೇಡ. ಆ ನೀರನ್ನು ಕಲಸದೆ ಬಗ್ಗಿಸಿ ಚೆಲ್ಲಿ. ಬೆಣ್ಣೆ ಹಾಕಿದ್ದಾದರೆ ಕಡಾಯಿಯಲ್ಲಿ ಮುಚ್ಚಳ ಇಲ್ಲದೆ, ಮೈಕ್ರೋವೇವ್ ಆದರೂ ಮುಚ್ಚದೆ ಬಿಸಿ ಮಾಡಿ. ಚಕ್ಕಾ ಹಾಕಿದ್ದನ್ನು ಜೋರಾಗಿ ಕಾಯಿಸುವಂತಿಲ್ಲ. ನಾಳೆಗೂ ಉಳಿಸುವ ಯೋಚನೆ ಇದ್ದರೆ ಮ್ಯಾಶ್ ಬೇರೆ, ಚಕ್ಕಾ ಬೇರೆ ಎತ್ತಿಟ್ಟು, ಬಡಿಸುವ ಹೊತ್ತಿಗೆ ಬೇಕಾದಷ್ಟೇ ಬೆರೆಸಿಕೊಳ್ಳಿ.